ಕೈಗೆ ಅಭ್ಯಾಸವಾಗಿಬಿಟ್ಟ ಸಡಿಲ

ಹಳೇ ಕಾರು ಇಟ್ಟುಕೊಂಡವರನ್ನು ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಎಂಜಿನ್ ಹೇಗಿದೆ, ಆಯಿಲ್ ಕುಡಿಯುತ್ತಾ, ಲೀಟರಿಗೆ ಎಷ್ಟು ಕೊಡುತ್ತೆ, ತಳ ತುಕ್ಕು ಹಿಡಿದಿದೆಯಾ, ಸ್ಪೇರ್ ಸಿಗುತ್ತಾ. ನಮ್ಮ ಮನೆಯ ಮಾರುತಿ 800 ಬಗ್ಗೆ ಈ ಪ್ರಶ್ನೆಗಳಿಗೆ ಉತ್ತರ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. 1998ರ ಗಾಡಿ, ಕಾರ್ಬುರೇಟರ್ ಮಾದರಿ, ಅಪ್ಪ ಶಿವಮೊಗ್ಗದಲ್ಲಿ ಹೊಸದಾಗಿಯೇ ತೆಗೆದುಕೊಂಡದ್ದು. 796 ಸಿಸಿಯ ಆ ಮೂರು ಸಿಲಿಂಡರ್ ಎಂಜಿನ್ ಇವತ್ತಿಗೂ ಬೆಳಿಗ್ಗೆ ಚೋಕ್ ಎಳೆದು ಕೀ ತಿರುವಿದರೆ ತಕರಾರಿಲ್ಲದೆ ಏಳುತ್ತದೆ. ಆದರೆ ಮುಂದಿನ ಚಕ್ರವನ್ನು ಗಾಡಿಗೆ ಹಿಡಿದಿಟ್ಟಿರುವುದು ಯಾವುದು, ಅದರ ಸ್ಥಿತಿ ಏನು ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಗಾಡಿ ಕೊಳ್ಳಲು ಬಂದವರು ಬಾನೆಟ್ ಎತ್ತುತ್ತಾರೆ, ಡಿಪ್‌ಸ್ಟಿಕ್ ಎಳೆದು ಮೂಸುತ್ತಾರೆ, ಬಾಗಿಲನ್ನು ನಾಲ್ಕು ಸಲ ಹಾಕಿ ತೆಗೆದು ಸದ್ದು ಕೇಳುತ್ತಾರೆ. ಬಗ್ಗಿ ಚಕ್ರದ ಹಿಂದೆ ಇಣುಕುವವರು ಅಪರೂಪ.

ಈ ಮಾತು ನನ್ನ ತಲೆಯಲ್ಲಿ ಕೊರೆಯತೊಡಗಿದ್ದು ಕಳೆದ ದೀಪಾವಳಿಯ ಹೊತ್ತಿಗೆ, ಚಕ್ರದ ಬುಡವನ್ನು ಗಾಡಿಯ ಅಡಿಗೆ ಜೋಡಿಸುವ ಕಬ್ಬಿಣದ ತೋಳನ್ನು, ಅಂದರೆ ಲೋವರ್ ಆರ್ಮನ್ನು, ಮುಂದಿನ ಎರಡೂ ಕಡೆ ಬದಲಾಯಿಸಿದ ಮೇಲೆ. ಅದರ ತುದಿಯ ಕೀಲು, ಬಾಲ್ ಜಾಯಿಂಟ್, ಸವೆದು ಹೋಗಿತ್ತು. ಹಳೇ ಗಾಡಿಗೆ ಇದು ಬರಬೇಕಾದ ಖರ್ಚೇ, ಅದರಲ್ಲಿ ಆಶ್ಚರ್ಯವೇನಿಲ್ಲ. ದಿನಾ ಅದೇ ಗಾಡಿ ಓಡಿಸುವ ನನಗೆ ಅದು ಗೊತ್ತೇ ಆಗದೆ ಇದ್ದದ್ದು ಹೇಗೆ ಎಂಬುದೇ ಆಶ್ಚರ್ಯ. ಆಯಿಲ್ ಹೊತ್ತುಹೊತ್ತಿಗೆ ಬದಲಾಗಿತ್ತು, ಬ್ರೇಕ್ ಶೂ ನೋಡಿಸಿದ್ದೆವು, ಟೈರ್ ಗಾಳಿ ಸರಿ ಇತ್ತು. ಕಾಳಜಿಯಲ್ಲಿ ಕೊರತೆ ಇರಲಿಲ್ಲ. ಆದರೂ ಗೊತ್ತಾಗಲಿಲ್ಲ.

ತಂಗಿಯ ಕೈ

ಪುಣೆಯಲ್ಲಿರುವ ನನ್ನ ತಂಗಿ ಹಬ್ಬಕ್ಕೆ ಬಂದಿದ್ದಳು. ಅವಳು ಡ್ರೈವಿಂಗ್ ಕಲಿತದ್ದೇ ಈ ಗಾಡಿಯಲ್ಲಿ, ಅದು ಹೊಸದಾಗಿದ್ದ ಕಾಲದಲ್ಲಿ. ಅಪ್ಪ ಎಡಗಡೆ ಸೀಟಿನಲ್ಲಿ ಹ್ಯಾಂಡ್‌ಬ್ರೇಕ್ ಮೇಲೆ ಕೈಯಿಟ್ಟು ಕೂತು ಕಲಿಸಿದ್ದರು. ಮದುವೆಯಾಗಿ ಹೋದ ಮೇಲೆ ಅವಳು ಓಡಿಸಿದ್ದೆಲ್ಲ ಪವರ್ ಸ್ಟೀರಿಂಗ್ ಇರುವ ಗಾಡಿಗಳು. ಹಬ್ಬದ ಹಿಂದಿನ ದಿನ ತೀರ್ಥಹಳ್ಳಿ ಪೇಟೆಗೆ ಸಾಮಾನು ತರಲು ಹೊರಟಾಗ ಕೀ ಅವಳೇ ಇಸಿದುಕೊಂಡಳು. ನಾನು ಪಕ್ಕದಲ್ಲಿ ಕೂತೆ.

ತುಂಗಾ ಸೇತುವೆ ಇನ್ನೂ ಬಂದಿರಲಿಲ್ಲ, ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದಳು.

"ಅಣ್ಣ, ಎಂತ ಆಗಿದೆ ಇದಕ್ಕೆ?"

"ಎಂತ ಆಯ್ತು? ಸರಿಯಾಗೇ ಇದೆಯಲ್ಲ."

"ಎಲ್ಲಿ ಸರಿ ಇದೆ? ಸ್ಟೀರಿಂಗ್ ನೆಟ್ಟಗೆ ಹಿಡಿದ್ರೆ ಎಡಕ್ಕೆ ಹೋಗ್ತದೆ. ಸ್ವಲ್ಪ ಬಲಕ್ಕೆ ತಿರುಗಿಸಿದ್ರೆ ಮೊದ್ಲು ಏನೂ ಆಗೋದಿಲ್ಲ, ಆಮೇಲೆ ಒಂದೇ ಸಲಕ್ಕೆ ಹೋಗ್ತದೆ. ಹಂಪ್ ಹತ್ತಿಸಿದಾಗ ಕೆಳಗೆ ಟಕ್ ಅಂತು, ಕೇಳಿಸ್ಲಿಲ್ವಾ ನಿಂಗೆ? ನಾ ಓಡಿಸ್ತಿದ್ದಾಗ ಹಿಂಗೆ ಇರ್ಲಿಲ್ಲ ಮಾರಾಯ."

ಕೇಳಿಸಿತ್ತು. ಎಷ್ಟೋ ಕಾಲದಿಂದ ಕೇಳಿಸುತ್ತಲೇ ಇತ್ತು. ಆದರೆ ಅದು ಗಾಡಿಯ ಸದ್ದು ಎಂದಷ್ಟೇ ಮನಸ್ಸಿನಲ್ಲಿ ಕೂತಿತ್ತು, ಗಾಡಿಯ ದೂರು ಎಂದಲ್ಲ. ಸೀಟು ಬದಲಾಯಿಸಿಕೊಂಡು ನಾನು ಓಡಿಸಿದೆ. ಈ ಸಲ ರಸ್ತೆಯ ಜೊತೆಗೆ ನನ್ನ ಕೈಯನ್ನೂ ಗಮನಿಸುತ್ತ ಹೋದೆ. ಬಲಗೈ ಹೆಬ್ಬೆರಳು ಸ್ಟೀರಿಂಗಿನ ಒಳ ಅಂಚನ್ನು ಸದಾ ಒತ್ತಿ ಹಿಡಿದಿತ್ತು. ಎಡಕ್ಕೆ ಎಳೆಯುವ ಗಾಡಿಯನ್ನು ನೆಟ್ಟಗಿಡಲು ಅಷ್ಟು ಒತ್ತಡ ಬೇಕಿತ್ತು, ಅದನ್ನು ಕೈ ತಾನಾಗಿಯೇ ಕೊಡುತ್ತಿತ್ತು. ಹಂಪ್ ಹತ್ತಿರ ಬಂದಾಗ ಬ್ರೇಕ್ ಒತ್ತಿ, ಚಕ್ರ ಹಂಪಿಗೆ ಮುಟ್ಟುವ ಸ್ವಲ್ಪ ಮುಂಚೆ ಕಾಲು ಎತ್ತುತ್ತಿದ್ದೆ. ಬ್ರೇಕ್ ಹಿಡಿದೇ ಹತ್ತಿಸಿದರೆ ಸದ್ದು ಜೋರಾಗುತ್ತದೆ ಎಂದು ಕಾಲು ಯಾವತ್ತೋ ಕಲಿತುಬಿಟ್ಟಿತ್ತು. ತಿರುವಿನಲ್ಲಿ ಸ್ಟೀರಿಂಗನ್ನು ಬೇಕಾದದ್ದಕ್ಕಿಂತ ಒಂದು ಗಳಿಗೆ ಮೊದಲೇ ತಿರುಗಿಸಲು ಶುರು ಮಾಡುತ್ತಿದ್ದೆ. ಇದ್ಯಾವುದನ್ನೂ ನಾನು ಯೋಚಿಸಿ ಮಾಡಿದ್ದಲ್ಲ.

ಸವೆತದ ಗುಣವೇ ಇದು. ಇವತ್ತಿಗೂ ನಾಳೆಗೂ ನಡುವೆ ಕೈಗೆ ಸಿಗುವಷ್ಟು ವ್ಯತ್ಯಾಸವೇ ಇರುವುದಿಲ್ಲ. ಒಂದು ಮಳೆಗಾಲದಿಂದ ಇನ್ನೊಂದಕ್ಕೆ ಬಂದ ವ್ಯತ್ಯಾಸವನ್ನೂ ಕೈ ಚೂರುಚೂರಾಗಿ ನುಂಗಿಕೊಂಡಿರುತ್ತದೆ. ಗಾಡಿ ಕೆಡುತ್ತ ಹೋದಂತೆ ಓಡಿಸುವವನು ಅದಕ್ಕೆ ತಕ್ಕಂತೆ ಪಳಗುತ್ತ ಹೋಗುತ್ತಾನೆ. ಕೊನೆಗೆ, "ನನ್ನ ಗಾಡಿ ನನಗೆ ಚೆನ್ನಾಗಿ ಗೊತ್ತು" ಅನ್ನುವ ಮಾತಿನಲ್ಲಿ ಗೊತ್ತಿರುವುದು ಗಾಡಿಯ ಐಬುಗಳ ಜೊತೆ ಬದುಕುವ ಬಗೆ ಮಾತ್ರ. ನನ್ನ ತಂಗಿಯ ಕೈಯಲ್ಲಿ ಆ ಗಾಡಿಯ ಹೊಸತನದ ನೆನಪು ಹಾಗೇ ಉಳಿದಿತ್ತು. ನನ್ನ ಕೈಯಲ್ಲಿ ಅದು ದಿನಾ ಸ್ವಲ್ಪಸ್ವಲ್ಪವೇ ಅಳಿಸಿಹೋಗಿತ್ತು.

ಚಕ್ರದ ಹಿಂದೆ ಇರುವುದು

ಬಾಲ್ ಜಾಯಿಂಟ್ ನೋಡದವರಿಗೆ ಎರಡು ಮಾತು. ಮುಂದಿನ ಚಕ್ರ ಎರಡು ಕೆಲಸ ಒಟ್ಟಿಗೆ ಮಾಡಬೇಕು. ಗುಂಡಿ, ದಿಣ್ಣೆಗೆ ತಕ್ಕಂತೆ ಮೇಲೆ ಕೆಳಗೆ ಆಡಬೇಕು, ಸ್ಟೀರಿಂಗ್ ಹೇಳಿದಂತೆ ಎಡಕ್ಕೆ ಬಲಕ್ಕೆ ತಿರುಗಲೂ ಬೇಕು. ಹಾಗಾಗಿ ಅದನ್ನು ಹಿಡಿದಿರುವ ಕೀಲು ಎಲ್ಲ ದಿಕ್ಕಿಗೂ ಹೊರಳುವಂಥದ್ದಾಗಿರಬೇಕು. ನಮ್ಮ ತೊಡೆಯ ಮೂಳೆಯ ಗುಂಡು ತುದಿ ಸೊಂಟದ ಕುಳಿಯಲ್ಲಿ ಕೂತಿರುವ ಹಾಗೆ ಇಲ್ಲಿ ಗಟ್ಟಿ ಉಕ್ಕಿನ ಗುಂಡೊಂದು ಪ್ಲಾಸ್ಟಿಕ್ಕಿನ ಬಟ್ಟಲಲ್ಲಿ ಕೂತಿರುತ್ತದೆ. ಸುತ್ತ ಗ್ರೀಸು, ಹೊರಗೆ ಕೆಸರು ಒಳಹೋಗದಂತೆ ಮುಚ್ಚುವ ರಬ್ಬರ್ ಬೂಟು. ಗುಂಡಿನಿಂದ ಹೊರಟ ಕಡ್ಡಿ ಚಕ್ರವನ್ನು ಹೊತ್ತ ಲೋಹದ ತುಂಡಿನ, ಅಂದರೆ ನಕಲ್‌ನ, ಒಳಗೆ ಹೋಗಿ ಬೋಲ್ಟಿನಿಂದ ಬಿಗಿದಿರುತ್ತದೆ. ಬಟ್ಟಲು ಇರುವುದು ಲೋವರ್ ಆರ್ಮ್ ತುದಿಯಲ್ಲಿ.

ಮಾರುತಿ 800ರ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಒಂದೇ ಕಂಬ. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ವ್ಯವಸ್ಥೆ 1950ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಫೋರ್ಡ್ ಕಾರುಗಳಲ್ಲಿ ಬಂತು. ಜಾಗ ಕಡಿಮೆ, ಬಿಡಿಭಾಗ ಕಡಿಮೆ, ಖರ್ಚೂ ಕಡಿಮೆ ಎಂದು ಮುಂದೆ ಸಣ್ಣ ಕಾರುಗಳೆಲ್ಲ ಇದನ್ನೇ ಹಿಡಿದವು. ಇದರಲ್ಲಿ ಗಾಡಿಯ ಭಾರ ಸ್ಪ್ರಿಂಗ್ ಮತ್ತು ಸ್ಟ್ರಟ್ ಮೂಲಕ ಚಕ್ರಕ್ಕೆ ಇಳಿಯುತ್ತದೆ. ಕೆಳಗಿನ ಬಾಲ್ ಜಾಯಿಂಟ್ ಮೇಲೆ ಆ ಭಾರ ಬೀಳುವುದಿಲ್ಲ. ಕೇಳಿದರೆ ಸಮಾಧಾನವಾಗುತ್ತದೆ, ಆದರೆ ಸಮಾಧಾನಪಡುವಂಥದ್ದಲ್ಲ. ಚಕ್ರದ ಬುಡ ಆಚೀಚೆ, ಹಿಂದೆ ಮುಂದೆ ಸರಿಯದಂತೆ ಹಿಡಿದಿರುವ ಕೆಲಸ ಪೂರ್ತಿ ಇದರದ್ದೇ. ಬ್ರೇಕ್ ಹಾಕಿದಾಗ ಚಕ್ರದ ಬುಡ ಹಿಂದಕ್ಕೆ ಎಳೆಯುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ದೂಡುತ್ತದೆ. ಎರಡನ್ನೂ ತಡೆಯುವುದು ಈ ಒಂದು ಗುಂಡು.

ಬ್ರೇಕು, ತಿರುವು ಎರಡೂ ಒಟ್ಟಿಗೆ ಬರುವ ಜಾಗ ಯಾವುದು? ಘಾಟಿ ಇಳಿಯುವಾಗ. ನಾವು ತೀರ್ಥಹಳ್ಳಿ ಕಡೆಯವರಿಗೆ ಮಣಿಪಾಲದ ಆಸ್ಪತ್ರೆಗೆ ಹೋಗಬೇಕೆಂದರೆ ಆಗುಂಬೆ ಘಾಟಿಯೇ ದಾರಿ. ಹದಿನಾಲ್ಕು ಹೇರ್‌ಪಿನ್ ತಿರುವು. ಒಂದೊಂದರಲ್ಲೂ ಸೆಕೆಂಡ್ ಗೇರಿಗೋ ಫಸ್ಟ್ ಗೇರಿಗೋ ಇಳಿಸಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಸ್ಟೀರಿಂಗನ್ನು ಪೂರ್ತಿ ಕೊನೆಯವರೆಗೆ ತಿರುಗಿಸಬೇಕು. ಆ ಕ್ಷಣದಲ್ಲಿ ಹೊರಗಡೆಯ ಚಕ್ರದ ಬಾಲ್ ಜಾಯಿಂಟ್ ಎಷ್ಟು ಎಳೆತಕ್ಕೆ ಸಿಕ್ಕಿರುತ್ತದೆ ಎಂದು ಈಗ ಅರ್ಥವಾಗಿದೆ. ಸವೆತ ಹೆಚ್ಚಾಗಿ ಗುಂಡು ಬಟ್ಟಲಿನಿಂದ ಕಳಚಿ ಬಂದರೆ ಚಕ್ರದ ಬುಡ ಹೊರಕ್ಕೆ ಚಾಚಿಕೊಳ್ಳುತ್ತದೆ, ಚಕ್ರವನ್ನು ತಿರುಗಿಸುವ ಡ್ರೈವ್ ಶಾಫ್ಟ್ ಒಳಗಿನ ತುದಿಯಿಂದ ಜಾರಬಹುದು, ಬ್ರೇಕಿನ ಹೋಸ್ ಹರಿಯಬಹುದು. ಸ್ಟೀರಿಂಗ್ ತಿರುಗಿಸಿದರೆ ಆ ಚಕ್ರ ಕೇಳುವುದಿಲ್ಲ. ಬಹಳ ಸಲ ಹೀಗಾಗುವುದು ಗೇಟಿನೊಳಗೆ ಗಾಡಿ ತಿರುಗಿಸುವಾಗ, ನಿಧಾನವಾಗಿ ಹೋಗುವಾಗ. ಹಾಗಾದವರು ಪುಣ್ಯವಂತರು.

ಮೇಸ್ತ್ರಿ ನನ್ನ ಕೈಯನ್ನು ಹಿಡಿದು ಇಟ್ಟ ಜಾಗ

ಹಬ್ಬ ಮುಗಿದ ಮೇಲೆ ಪೇಟೆಯ ಗ್ಯಾರೇಜಿಗೆ ಒಯ್ದೆ. ತಗಡಿನ ಮಾಡು, ಮುಂದೆ ಒಂದು ಹಲಸಿನ ಮರ, ಅಂಗಳದ ತುಂಬ ಆಯಿಲ್ ಕುಡಿದು ಕಪ್ಪಾದ ಮಣ್ಣು. ಮೇಸ್ತ್ರಿಗೆ ಅರವತ್ತು ದಾಟಿದೆ. ಹಂಪಿನಲ್ಲಿ ಸದ್ದು ಬರುತ್ತದೆ ಎಂದೆ. ಅವರು ಟೆಸ್ಟ್ ಡ್ರೈವ್‌ಗೂ ಹೋಗಲಿಲ್ಲ. ಗಾಡಿ ಸ್ಟಾರ್ಟ್ ಮಾಡಿ ಒಂದು ಮಾರು ಹಿಂದೆ ತಂದು ಬ್ರೇಕ್, ಒಂದು ಮಾರು ಮುಂದೆ ತಂದು ಬ್ರೇಕ್. ಎರಡೂ ಸಲ ಕೆಳಗೆ ಟಕ್ ಎಂದಿತು.

"ಸದ್ದು ಎಲ್ಲಿಂದಾದ್ರೂ ಬರ್ಬಹುದು ಮಾರಾಯ್ರೆ," ಎಂದರು. "ಟೈರಾಡ್ ಎಂಡ್ ಇರ್ಬಹುದು, ಸ್ಟೆಬಿಲೈಸರ್ ಬುಷ್ ಇರ್ಬಹುದು, ಮೇಲೆ ಸ್ಟ್ರಟ್ ಮೌಂಟಿಂಗೇ ಹೋಗಿರ್ಬಹುದು. ಸದ್ದು ನಂಬಿ ಸಾಮಾನು ತರ್ಸಿದ್ರೆ ನಿಮ್ಮ ದುಡ್ಡು ದಂಡ."

ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದೆ ಜಾಕಿ ಏರಿಸಿ, ಪಕ್ಕದಲ್ಲಿ ದಪ್ಪ ಮರದ ದಿಮ್ಮಿ ಒತ್ತಿ ಇಟ್ಟರು. ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕುವುದಿಲ್ಲ ಎಂಬುದು ಅವರ ನಿಯಮ. ಹುಡುಗರು ಮರೆತರೆ ಬೈಗುಳ ಖಾತ್ರಿ. ಮೊದಲು ಚಕ್ರವನ್ನು ಎಡಬದಿ ಬಲಬದಿ ಹಿಡಿದು ಅಲ್ಲಾಡಿಸಿದರು. ಏನೂ ಇಲ್ಲ, ಅಂದರೆ ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈರಾಡ್ ಸರಿ ಇದೆ. ಆಮೇಲೆ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ದೂಡಿ ಎಳೆದರು. ಚಕ್ರ ಕದಲಿತು. ಒಳಗೆ ಕೂತ ಹುಡುಗನಿಗೆ, "ಬ್ರೇಕ್ ಒತ್ತೋ," ಎಂದರು. ಒತ್ತಿದ. ಮತ್ತೆ ದೂಡಿ ಎಳೆದರು. ಆಗಲೂ ಕದಲಿತು. ಬ್ರೇಕ್ ಒತ್ತಿದಾಗ ಆ ಸಡಿಲ ನಿಂತರೆ ವೀಲ್ ಬೇರಿಂಗ್ ಮೇಲೆ ಅನುಮಾನ, ನಿಲ್ಲದಿದ್ದರೆ ಬಾಲ್ ಜಾಯಿಂಟ್, ಆರ್ಮಿನ ಬುಷ್, ಸ್ಟ್ರಟ್ ಇವುಗಳ ಮೇಲೆ. ಇಷ್ಟು ಸರಳವಾದ ಪರೀಕ್ಷೆಯನ್ನು ಕಾರಿಟ್ಟುಕೊಂಡ ಪ್ರತಿಯೊಬ್ಬರೂ ಕಲಿಯಬೇಕು ಎಂದು ನನಗೆ ಅಲ್ಲೇ ಅನ್ನಿಸಿತು. ಇದಕ್ಕೆ ಜಾಕಿ, ಹಿಂದಿನ ಚಕ್ರಕ್ಕೆ ಕಲ್ಲು, ಆಸರೆಗೆ ದಿಮ್ಮಿ ಮತ್ತು ಇನ್ನೊಬ್ಬರ ಕಾಲು ಬಿಟ್ಟರೆ ಬೇರೇನೂ ಬೇಡ.

ಚಕ್ರ ಬಿಚ್ಚಿದ ಮೇಲೆ ಅವರು ನನ್ನನ್ನು ಕರೆದು ಕೂರಿಸಿದರು. ನನ್ನ ಬಲಗೈಯ ಎರಡು ಬೆರಳನ್ನು ಹಿಡಿದು ಲೋವರ್ ಆರ್ಮ್ ಮತ್ತು ನಕಲ್ ನಡುವಿನ ಸಂದಿಯ ಮೇಲೆ ಇಟ್ಟರು. "ಕಣ್ಣಲ್ಲಿ ನೋಡ್ಬೇಡಿ. ಬೆರಳಿಗೆ ಎಂತ ಗೊತ್ತಾಗ್ತದೆ ಹೇಳಿ." ಕಬ್ಬಿಣದ ರಾಡಿನಿಂದ ಆರ್ಮನ್ನು ಮೆಲ್ಲಗೆ ಮೀಟಿದರು. ಬೆರಳಿನ ಕೆಳಗೆ ಸಂದಿ ಬಿಚ್ಚಿಕೊಂಡು ಮತ್ತೆ ಮುಚ್ಚಿತು. ಒಂದು ಮಿಲಿಮೀಟರ್ ಇರಬಹುದು, ಸ್ವಲ್ಪ ಹೆಚ್ಚೂ ಇರಬಹುದು. ಆದರೆ ಉಕ್ಕಿಗೆ ಉಕ್ಕು ತಾಗುವ ಆ ಸಣ್ಣ ಏಟು ಬೆರಳಿನಿಂದ ಮೊಣಕೈವರೆಗೂ ಬಂತು. ಹಂಪಿನ ಮೇಲೆ ಇಷ್ಟು ಕಾಲ ಕೇಳಿದ ಸದ್ದನ್ನು ಕೈಯಲ್ಲಿ ಮುಟ್ಟಿದ್ದು ಅದೇ ಮೊದಲು.

ಎಡಗಡೆಯ ಆರ್ಮ್ ಬಿಚ್ಚಿ ಹೊರತೆಗೆದಾಗ ಕಾರಣವೂ ಕಂಡಿತು. ರಬ್ಬರ್ ಬೂಟು ಹಿಂಭಾಗದಲ್ಲಿ, ಬಗ್ಗಿ ನೋಡಿದರೂ ಕಾಣದ ಕಡೆ, ಉಗುರಿನಷ್ಟು ಉದ್ದಕ್ಕೆ ಹರಿದಿತ್ತು. ಒಳಗಿನ ಗ್ರೀಸು ಕೆಂಪು ಕೆಸರಿನ ಜೊತೆ ಕಲಸಿಹೋಗಿ ಬೆರಳಲ್ಲಿ ಉಜ್ಜಿದರೆ ಮರಳು ಮರಳಾಗಿ ಸಿಗುತ್ತಿತ್ತು. ಗುಂಡಿನ ಕಡ್ಡಿಯನ್ನು ಮೇಲಕ್ಕೆತ್ತಿ ಬಿಟ್ಟರೆ ತನ್ನಷ್ಟಕ್ಕೆ ಪಕ್ಕಕ್ಕೆ ವಾಲಿಬಿಡುತ್ತಿತ್ತು. ಹೊಸ ಆರ್ಮಿನ ಕಡ್ಡಿಯನ್ನು ಬರಿಗೈಯಲ್ಲಿ ಅಲ್ಲಾಡಿಸಬೇಕಾದರೆ ಹಲ್ಲು ಕಚ್ಚಬೇಕು, ಅಷ್ಟು ಬಿಗಿ. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದವರಿಗೆ ಮತ್ತೆ ಯಾರೂ ಬಾಲ್ ಜಾಯಿಂಟ್ ಬಗ್ಗೆ ವಿವರಿಸಬೇಕಾಗಿಲ್ಲ. ಆಗುಂಬೆಯ ಸುತ್ತಮುತ್ತ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ತಿಂಗಳುಗಟ್ಟಲೆ ರಸ್ತೆಯ ಗುಂಡಿಗಳಲ್ಲಿ ಕೆಂಪು ನೀರು ನಿಂತಿರುತ್ತದೆ. ಅಂಥ ಕಡೆ ಆ ರಬ್ಬರ್ ಬೂಟು ಹರಿದ ದಿನದಿಂದಲೇ ಬಾಲ್ ಜಾಯಿಂಟಿನ ಆಯಸ್ಸು ಲೆಕ್ಕಕ್ಕೆ ಬೀಳುತ್ತದೆ. ಮೊದಲು ಸಾಯುವುದು ರಬ್ಬರು, ಉಕ್ಕು ಅದರ ಹಿಂದೆ ಹೋಗುತ್ತದೆ.

ಬಲಗಡೆಯ ಬೂಟು ಇನ್ನೂ ಹರಿದಿರಲಿಲ್ಲ, ಆದರೆ ರಬ್ಬರು ಬಿರಿದಿತ್ತು, ಆರ್ಮಿನ ಒಳತುದಿಯ ರಬ್ಬರ್ ಬುಷ್ ಸೀಳಿತ್ತು. ಎರಡೂ ಕಡೆ ಹಾಕಿಬಿಡೋಣ ಎಂದೆ. ಮೇಸ್ತ್ರಿ ತಲೆಯಾಡಿಸಿದರು.

ಆರ್ಮೋ, ಬರೀ ಜಾಯಿಂಟೋ

ಇಲ್ಲಿ ಒಂದು ವಾದವಿದೆ, ಅದರಲ್ಲಿ ನಾನು ಗಟ್ಟಿಯಾಗಿ ಒಂದು ಕಡೆ ನಿಲ್ಲುತ್ತೇನೆ. ಟಾಟಾ ಸುಮೋದಂಥ ದೊಡ್ಡ ಗಾಡಿಗಳಲ್ಲಿ ಬಾಲ್ ಜಾಯಿಂಟ್ ಬೇರೆಯಾಗಿ ಬರುತ್ತದೆ, ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಬಹುದು. ಮಾರುತಿ 800ರಲ್ಲಿ ಅದು ಲೋವರ್ ಆರ್ಮಿನ ಜೊತೆಗೇ ಸೇರಿದ ಭಾಗ. ಸವೆದರೆ ಆರ್ಮನ್ನೇ ಬದಲಾಯಿಸಬೇಕು. ಆದರೆ ನಮ್ಮಲ್ಲಿ ಯಾವುದನ್ನೂ ಅಷ್ಟು ಸುಲಭವಾಗಿ ಎಸೆಯುವ ರೂಢಿಯಿಲ್ಲ. ಬರೀ ಬಾಲ್ ಜಾಯಿಂಟ್ ಮಾರುವ ಅಂಗಡಿಗಳಿವೆ, ಹಳೇ ಆರ್ಮಿನಿಂದ ಗುಂಡನ್ನು ಒತ್ತಿ ತೆಗೆದು ಹೊಸದನ್ನು ಬಡಿದು ಕೂರಿಸಿ, ಅಲುಗಾಡದಿರಲಿ ಎಂದು ಸುತ್ತ ವೆಲ್ಡಿಂಗ್ ಚುಕ್ಕಿ ಇಟ್ಟುಕೊಡುವ ಲೇತ್ ಅಂಗಡಿಗಳೂ ಇವೆ.

ರಿಪೇರಿ ಮಾಡಿ ಬಳಸುವ ನಮ್ಮ ಜನರ ಬುದ್ಧಿಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಡೈನಮೋ ಸುತ್ತಿಸುವುದು, ರೇಡಿಯೇಟರ್ ಬೆಸುಗೆ ಹಾಕಿಸುವುದು, ಕಾರ್ಬುರೇಟರ್ ಬಿಚ್ಚಿ ತೊಳೆದು ಮತ್ತೆ ಜೋಡಿಸುವುದು, ಇವಕ್ಕೆ ಹೊಸ ಸಾಮಾನು ಹಾಕಿಸುವುದಕ್ಕಿಂತ ಹೆಚ್ಚಿನ ಕೈಚಳಕ ಬೇಕು. ಹಳೇ ಗಾಡಿಗಳು ಇವತ್ತಿಗೂ ರಸ್ತೆಯಲ್ಲಿರುವುದು ಆ ಕೈಚಳಕದಿಂದಲೇ. ಆದರೆ ಬಾಲ್ ಜಾಯಿಂಟಿಗೆ ವೆಲ್ಡಿಂಗ್ ಮುಟ್ಟಿಸುವುದನ್ನು ನಾನು ಒಪ್ಪಲಾರೆ. ಒಳಗಿನ ಬಟ್ಟಲು ಪ್ಲಾಸ್ಟಿಕ್ಕಿನದು, ಆ ಕಾವಿಗೆ ಕರಗಬಹುದು. ಗ್ರೀಸು ಸುಡಬಹುದು. ಪಕ್ಕದ ಉಕ್ಕಿನ ಹದ ಕೆಡಬಹುದು. ಹೊರಗಿನಿಂದ ನೋಡಿದರೆ ಎಲ್ಲವೂ ಗಟ್ಟಿಯಾಗಿ, ಹೊಸದಾಗಿ ಕಾಣುತ್ತದೆ. ಒಳಗೆ ಮೊದಲ ದಿನವೇ ಸವೆತ ಶುರುವಾಗಿರಬಹುದು. ರಿಪೇರಿ ಕೈಕೊಟ್ಟರೆ ಗಾಡಿ ನಿಲ್ಲುತ್ತದೆ ಎನ್ನುವ ಭಾಗ ಬೇರೆ, ರಿಪೇರಿ ಕೈಕೊಟ್ಟರೆ ಗಾಡಿ ನಿಲ್ಲುವುದೇ ಇಲ್ಲ ಎನ್ನುವ ಭಾಗ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ದುಡ್ಡಿನ ಮಾತಿಗೆ ಬಂದರೂ ಲೆಕ್ಕ ಕಷ್ಟದ್ದಲ್ಲ. ಈ ಗಾಡಿಯ ಪೆಟ್ರೋಲ್ ಟ್ಯಾಂಕಿಗೆ 28 ಲೀಟರ್ ಹಿಡಿಯುತ್ತದೆ. ಎರಡೂ ಕಡೆಯ ಹೊಸ ಆರ್ಮಿಗೆ ಬಿದ್ದ ಖರ್ಚು ಒಂದು ಟ್ಯಾಂಕ್ ಪೆಟ್ರೋಲಿನ ಆಸುಪಾಸಿನಲ್ಲೇ ಇತ್ತು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಸಿಕ್ಕಿತು, ಬೆಂಗಳೂರಿನ ಜೆ.ಸಿ. ರಸ್ತೆಯವರೆಗೆ ಹೋಗಬೇಕಾಗಲಿಲ್ಲ. ಮಾರುತಿ 800 ತಯಾರಿಕೆ 2014ರ ಜನವರಿಯಲ್ಲೇ ನಿಂತಿದ್ದರೂ 1983ರಿಂದ ಅಷ್ಟು ವರ್ಷ ಬಂದ ಗಾಡಿಯಾದ್ದರಿಂದ ಓಡಾಡುವ ಸಾಮಾನಿಗೆ ಇನ್ನೂ ಬರ ಬಂದಿಲ್ಲ. ನಕಲಿ ಮಾಲಿನ ಭಯ ಮಾತ್ರ ಇದ್ದೇ ಇದೆ. ಮೇಸ್ತ್ರಿ ಹೇಳಿಕೊಟ್ಟದ್ದು ಇಷ್ಟು: ಡಬ್ಬಿ ನೋಡಬೇಡಿ, ಸಾಮಾನು ನೋಡಿ. ಕಡ್ಡಿ ಬಿಗಿಯಾಗಿ, ಎಲ್ಲ ಕಡೆ ಒಂದೇ ಸಮನಾಗಿ ಹೊರಳಬೇಕು. ಬೂಟಿನ ರಬ್ಬರು ಚಿವುಟಿದರೆ ಮೆತ್ತಗಿರಬೇಕು. ಅದರ ಬುಡದ ರಿಂಗು ಸುತ್ತಲೂ ಸರಿಯಾಗಿ ಕೂತಿರಬೇಕು.

ಬಿಚ್ಚುವುದು, ಬಿಗಿಯುವುದು

ಬಿಚ್ಚುವ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಸಣ್ಣ ವಿವರ. ಗುಂಡಿನ ಕಡ್ಡಿ ನಕಲ್ ಒಳಗೆ ಕೂರುವ ಜಾಗದಲ್ಲಿ ಅದನ್ನು ಅದುಮಿ ಹಿಡಿಯುವ ಅಡ್ಡ ಬೋಲ್ಟ್ ಒಂದಿದೆ. ಅದನ್ನು ಸಡಿಲಿಸಿದರೆ ಸಾಕು ಕಡ್ಡಿ ಹೊರಬರುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಬರುವುದಿಲ್ಲ. ಕಡ್ಡಿಯ ಮೈಯಲ್ಲಿ ಒಂದು ತೋಡು ಕೊರೆದಿರುತ್ತಾರೆ, ಬೋಲ್ಟ್ ಹಾಯುವುದು ಆ ತೋಡಿನೊಳಗಿಂದ. ಬೋಲ್ಟ್ ಪೂರ್ತಿ ಹೊರಗೆ ಬಂದ ಹೊರತು ಎಷ್ಟು ಬಡಿದರೂ ಕಡ್ಡಿ ಅಲುಗುವುದಿಲ್ಲ. ನಟ್ಟು ಸಡಿಲವಾದರೂ ಬೋಲ್ಟ್ ಇರುವಷ್ಟು ಹೊತ್ತು ಚಕ್ರ ಕಳಚಿಹೋಗಬಾರದು ಎಂಬ ಮುಂದಾಲೋಚನೆ. ಇದನ್ನು ಕೂತು ಯೋಚಿಸಿದವರು ಯಾವ ಊರಿನವರೋ, ಅವರ ಮೇಲೆ ನನಗೆ ದೊಡ್ಡ ಗೌರವ ಹುಟ್ಟಿತು.

ಬೋಲ್ಟಿಗೆ ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರು. ಬೆಳಿಗ್ಗೆ ರಿಂಗ್ ಸ್ಪ್ಯಾನರ್ ಹಾಕಿ ಬಿಚ್ಚುವಾಗ ಮೊದಲು ಸ್ವಲ್ಪ ಬಿಗಿದು, ಆಮೇಲೆ ಬಿಚ್ಚಿದರು, ಮತ್ತೆ ಸ್ವಲ್ಪ ಬಿಗಿದು ಮತ್ತೆ ಬಿಚ್ಚಿದರು. ಅವಸರಪಟ್ಟರೆ ಬೋಲ್ಟಿನ ತಲೆ ತುಂಡಾಗುತ್ತದೆ, ಆಮೇಲೆ ಡ್ರಿಲ್ ಹಿಡಿದು ಅರ್ಧ ದಿನ. ಸ್ಟೆಬಿಲೈಸರ್ ಬಾರ್ ತುದಿಯ ನಟ್ಟಿನ ಸ್ಪ್ಲಿಟ್ ಪಿನ್ ತುಕ್ಕು ಹಿಡಿದು ಪುಡಿಯಾಗಿಯೇ ಬಂತು. ಈ ಗಾಡಿಯಲ್ಲಿ ಆ ಬಾರ್‌ಗೆ ಎರಡು ಕೆಲಸ. ತಿರುವಿನಲ್ಲಿ ಗಾಡಿ ಒಂದು ಕಡೆಗೆ ವಾಲದಂತೆ ನೋಡಿಕೊಳ್ಳುತ್ತದೆ, ಬ್ರೇಕ್ ಹಾಕಿದಾಗ ಆರ್ಮ್ ಹಿಂದಕ್ಕೆ ಹೋಗದಂತೆ ಎಳೆದು ಹಿಡಿಯುವುದೂ ಅದೇ. ಅದರ ಬುಷ್‌ಗಳನ್ನೂ ಆಗಲೇ ಹೊಸದು ಹಾಕಿಸಿದೆ. ಅಷ್ಟು ಬಿಚ್ಚಿದ ಮೇಲೆ ಹಳೇ ಬುಷ್ ಮತ್ತೆ ಕೂರಿಸುವುದರಲ್ಲಿ ಅರ್ಥವಿಲ್ಲ.

ಹೊಸ ಆರ್ಮ್ ಕೂರಿಸಿದ ಮೇಲೆ ಒಳತುದಿಯ ಬೋಲ್ಟನ್ನು ಮೇಸ್ತ್ರಿ ಕೈಬಿಗಿಗೆ ನಿಲ್ಲಿಸಿದರು. ಚಕ್ರ ಹಾಕಿ, ಗಾಡಿ ಕೆಳಗಿಳಿಸಿ, ಮುಂಭಾಗವನ್ನು ಕೈಯಿಂದ ಅದುಮಿ ಅದುಮಿ ಕುಣಿಸಿ, ಗಾಡಿ ತನ್ನ ಭಾರದ ಮೇಲೆ ಸರಿಯಾಗಿ ಕೂತ ಮೇಲೆ ಅಡಿಯಲ್ಲಿ ಮಲಗಿ ಪೂರ್ತಿ ಬಿಗಿದರು. ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಬಿಗಿದುಬಿಟ್ಟರೆ ಒಳಗಿನ ರಬ್ಬರ್ ಬುಷ್ ಆ ಸ್ಥಿತಿಗೇ ಕಚ್ಚಿಕೊಳ್ಳುತ್ತದೆ. ಗಾಡಿ ಇಳಿದ ಮೇಲೆ ಅದು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ನಿಮ್ಮ ಗಾಡಿಗೆ ಆರ್ಮ್ ಹಾಕಿಸುವಾಗ ಈ ಒಂದನ್ನು ಕೇಳಿ ಮಾಡಿಸಿಕೊಳ್ಳಿ. ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳುವ ಮೆಕ್ಯಾನಿಕ್ಕಿಗಿಂತ, "ಓ, ಗೊತ್ತಾ ನಿಮ್ಗೆ?" ಎಂದು ಖುಷಿಪಡುವವರೇ ಹೆಚ್ಚು. ಆಮೇಲೆ ವೀಲ್ ಅಲೈನ್‌ಮೆಂಟ್. ಈ ಗಾಡಿಯಲ್ಲಿ ಹೊಂದಿಸಲು ಇರುವುದು ಟೋ ಒಂದೇ, ಅಂದರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಎಷ್ಟು ಮುಖ ಮಾಡಿವೆ ಎಂಬುದು. ಬೇಗ ಮುಗಿಯುತ್ತದೆ.

ಅಲೈನ್‌ಮೆಂಟ್ ಮುಗಿಸಿ ವಾಪಸ್ ಹೊರಟಾಗ ಗಾಡಿ ಬಲಕ್ಕೆ ಎಳೆಯುತ್ತಿದೆ ಅನ್ನಿಸಿತು. ಇಲ್ಲ, ಗಾಡಿ ನೆಟ್ಟಗೇ ಹೋಗುತ್ತಿತ್ತು. ಹೆಬ್ಬೆರಳು ಹಳೇ ಅಭ್ಯಾಸದಂತೆ ಒತ್ತುತ್ತಿತ್ತು. ಕೈ ಅದನ್ನು ಬಿಡಲು ಕೆಲವು ದಿನ ಬೇಕಾಯಿತು.

ಗ್ರೀಸ್ ನಿಪ್ಪಲ್ ಇದ್ದ ಕಾಲ

ನಮ್ಮ ದೊಡ್ಡಪ್ಪ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದರು. ಆ ಗಾಡಿಯ ಮುಂಭಾಗದ ಕೀಲುಗಳಿಗೆಲ್ಲ ಗ್ರೀಸ್ ನಿಪ್ಪಲ್, ಅಂದರೆ ಹೊರಗಿನಿಂದ ಗ್ರೀಸು ಒತ್ತುವ ಪುಟ್ಟ ಮೂತಿ, ಇರುತ್ತಿತ್ತು. ಆಗಾಗ ಗ್ರೀಸ್ ಗನ್ ಹಿಡಿದು ಅಡಿಯಲ್ಲಿ ತೂರಿ, ಹೊಸ ಗ್ರೀಸು ಒತ್ತಿ ಹಳೇ ಕಪ್ಪು ಗ್ರೀಸು ಹೊರಬರುವವರೆಗೂ ಬಿಡುತ್ತಿರಲಿಲ್ಲ. ಅದು ಬೇಸರದ ಕೆಲಸ, ಬಟ್ಟೆ ಹಾಳು. ಆದರೆ ಅಡಿಯಲ್ಲಿ ತೂರಿದ ಮೇಲೆ ಬೇರೆಯದೂ ಕಣ್ಣಿಗೆ ಬೀಳುತ್ತಿತ್ತು: ಎಲ್ಲೋ ಒಸರುವ ಆಯಿಲ್, ಬಿರುಕು ಬಿಟ್ಟ ಬುಷ್, ಸಡಿಲವಾದ ನಟ್ಟು. ಹಳೇ ಗಾಡಿಗಳಲ್ಲಿ ಮುಂದಿನ ಚಕ್ರ ತಿರುಗಲು ಕಿಂಗ್‌ಪಿನ್ ಎಂಬ ದಪ್ಪ ಗೂಟ ಇದ್ದ ಜಾಗಕ್ಕೆ ಬಾಲ್ ಜಾಯಿಂಟ್ ಬಂದದ್ದು ದೊಡ್ಡ ಅನುಕೂಲ. ಅಮೆರಿಕದ ಫೋರ್ಡ್ ಕಾರುಗಳು 1954ರಲ್ಲೇ ಅದಕ್ಕೆ ಬದಲಾದವು. ಮುಂದೆ ಜಾಯಿಂಟುಗಳನ್ನು ಪೂರ್ತಿ ಮುಚ್ಚಿ, ಜೀವಮಾನಕ್ಕಾಗುವಷ್ಟು ಗ್ರೀಸು ತುಂಬಿ ಕೊಡತೊಡಗಿದರು. ಗ್ರೀಸ್ ಹೊಡೆಯುವ ಕೆಲಸ ತಪ್ಪಿತು. ಅದರ ಜೊತೆಗೆ ಅಡಿಯಲ್ಲಿ ತೂರುವ ನೆಪವೂ ತಪ್ಪಿತು. ಈಗ ಸರ್ವಿಸ್ ಅಂದರೆ ಆಯಿಲ್, ಫಿಲ್ಟರ್, ವಾಟರ್ ವಾಶ್.

ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ಆರ್‌ಸಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 2023ರಲ್ಲಿ ನಾವೂ ಅಷ್ಟೇ ಕಟ್ಟಿದೆವು. ಚಾಸಿಸ್ ನಂಬರನ್ನು ಪೆನ್ಸಿಲಿನಲ್ಲಿ ಉಜ್ಜಿ ತೆಗೆದರು, ಲೈಟು ಹಾರ್ನು ನೋಡಿದರು. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ಎಂಒಟಿ ಪರೀಕ್ಷೆ ಇದೆ, ಅದರಲ್ಲಿ ಬಾಲ್ ಜಾಯಿಂಟಿನ ಸಡಿಲವನ್ನೂ ನೋಡುತ್ತಾರೆ. ಸವೆತ ಮಿತಿ ಮೀರಿದ್ದರೆ ಗಾಡಿ ಫೇಲ್. ನಮ್ಮಲ್ಲಿ ಹಳೇ ಗಾಡಿ ಅಂದ ತಕ್ಷಣ ಹೊಗೆಯ ಮಾತು ಬರುತ್ತದೆ. ಬರಲಿ, ಅದು ಬೇಕಾದದ್ದೇ. ಆದರೆ ಅಷ್ಟು ಶುಲ್ಕ ತೆಗೆದುಕೊಂಡ ಮೇಲೆ ಚಕ್ರವನ್ನೊಂದು ಸಲ ನೆಲದಿಂದ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡುವ ವ್ಯವಸ್ಥೆ ಆಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎರಡು ನಿಮಿಷದ ಕೆಲಸ ಅದು.

ಅಲ್ಲಿಯವರೆಗೆ ನಮ್ಮ ನಮ್ಮಲ್ಲೇ ನೋಡಿಕೊಳ್ಳಬೇಕು. ನಮ್ಮ ಕೇರಿಯಲ್ಲಿ ಒಂದು ಓಮ್ನಿ ಇದೆ, ಯಜಮಾನರು ಅದರಲ್ಲಿ ಶಾಲೆ ಮಕ್ಕಳನ್ನು ಕರೆದೊಯ್ಯುತ್ತಾರೆ. ಕಳೆದ ವಾರ ಅವರ ಗಾಡಿಯನ್ನು ನಾನು ಓಡಿಸಿ ನೋಡಿದೆ, ನಮ್ಮ 800ನ್ನು ಅವರು ಓಡಿಸಿ ನೋಡಿದರು. ಓಮ್ನಿಯ ಸ್ಟೀರಿಂಗ್ ಹಿಡಿದು ಬಸ್ ಸ್ಟ್ಯಾಂಡಿನವರೆಗೆ ಹೋಗುವಷ್ಟರಲ್ಲಿ ಬಲಗಡೆ ಏನೋ ಇದೆ ಎಂದು ನನಗೆ ಗೊತ್ತಾಯಿತು. ಅವರಿಗೆ ಅದು ಗೊತ್ತೇ ಇರಲಿಲ್ಲ. ನಮ್ಮ ಗಾಡಿಯಿಂದ ಇಳಿದು, "ನಿಮ್ದು ಹಿಂದಿನ ಎಡಗಡೆ ಶಾಕ್ ಅಬ್ಸಾರ್ಬರ್ ನೋಡ್ಸಿ, ಕೆಲ್ಸ ಮಾಡ್ತಾ ಇಲ್ಲ," ಎಂದರು. ಜಾಕಿ ಏರಿಸಿ ನೋಡಿದರೆ ಓಮ್ನಿಯ ಬಾಲ್ ಜಾಯಿಂಟ್ ಹೋಗಿದೆ. ಮಕ್ಕಳನ್ನು ಈ ವಾರ ಬೇರೆ ಗಾಡಿಯಲ್ಲಿ ಕಳಿಸುತ್ತಿದ್ದಾರೆ. ಶಿವಮೊಗ್ಗದಿಂದ ಆರ್ಮ್ ತರಿಸಿಯಾಗಿದೆ, ನಮ್ಮ ಗಾಡಿಗೆ ಶಾಕ್ ಅಬ್ಸಾರ್ಬರ್ ಜೋಡಿಯೂ ಅದರ ಜೊತೆಗೇ ಬಂದಿದೆ. ಶನಿವಾರ ಮೇಸ್ತ್ರಿ ಇಬ್ಬರದ್ದೂ ಒಟ್ಟಿಗೆ ಹಾಕಿಕೊಡುತ್ತೇನೆ ಎಂದಿದ್ದಾರೆ.